ಮೈಸೂರಲ್ಲಿ ಸರಿಯಾದ ಒಂದು ಮಾರ್ಟಿನಿ, ಆಮೇಲೆ ಒಳ್ಳೆ ಊಟ. ಎಲ್ಲಿಗೆ ಹೋಗಲಿ?

ಯಾದವಗಿರಿಯವಳು

ನಮಸ್ಕಾರ. ಮುಂದಿನ ವಾರ ನಮ್ಮಕ್ಕ ಊರಿಗೆ ಬರುತ್ತಿದ್ದಾಳೆ, ಆರು ವರ್ಷದ ಮೇಲೆ. ಅವಳಿಗೆ 61, ನನಗೆ 54. ಹೊರದೇಶದಲ್ಲಿರುವ ಅವಳು ವಾರಕ್ಕೊಂದು ಸಲ, ಶುಕ್ರವಾರ ಸಂಜೆ, ಒಂದೇ ಒಂದು ಮಾರ್ಟಿನಿ ಕುಡಿಯುತ್ತಾಳೆ, ಜಿನ್‌ಗೆ ಸ್ವಲ್ಪ ವರ್ಮೂತ್ ಅನ್ನುವ ವೈನ್ ಸೇರಿಸಿ ಮಾಡುವುದು. ಎರಡನೆಯದು ಮುಟ್ಟುವುದಿಲ್ಲ. ಅದನ್ನು ರೂಢಿ ಮಾಡಿಸಿದ್ದು ನಮ್ಮ ಭಾವ. ಭಾವ ಹೋಗಿ ಮೂರು ವರ್ಷವಾಯಿತು, ಆದರೂ ಶುಕ್ರವಾರದ ಆ ಒಂದು ಗ್ಲಾಸ್ ಅವಳು ಬಿಟ್ಟಿಲ್ಲ. ಮೊನ್ನೆ ಫೋನಲ್ಲಿ "ಈ ಸಲ ನಾವಿಬ್ಬರೇ ಎಲ್ಲಾದರೂ ಹೋಗಿ ಕೂತ್ಕೊಳ್ಳೋಣ ಕಣೇ, ಒಂದು ಮಾರ್ಟಿನಿ, ಆಮೇಲೆ ಒಳ್ಳೆ ಊಟ, ಮನೇಲಿ ಅಡುಗೆ ಅಂತ ಒದ್ದಾಡಬೇಡ" ಅಂದಳು. ಆಯ್ತು ಅಂದುಬಿಟ್ಟೆ. ಈಗ ಎಲ್ಲಿಗೆ ಅನ್ನುವುದೇ ಪ್ರಶ್ನೆ.

ಸುಮ್ನೆ ಕೇಳುತ್ತಿಲ್ಲ. ಹೋದ ತಿಂಗಳು ನಮ್ಮ ಯಜಮಾನರ ಜೊತೆ ಒಂದು ಜಾಗಕ್ಕೆ ಹೋಗಿ ನೋಡಿಕೊಂಡು ಬಂದೆ. ಹೆಸರು ಬೇಡ. ಬೋರ್ಡಿನಲ್ಲಿ ಬಿಸ್ಟ್ರೋ ಅಂತಿತ್ತು, ಒಳಗೆ ದೀಪ, ಗಿಡ, ಕುರ್ಚಿ ಎಲ್ಲಾ ಚೆಂದ. ಮಾರ್ಟಿನಿ ಹೇಳಿದೆ. ಬಂದದ್ದು ತಿಳಿ ಗುಲಾಬಿ ಬಣ್ಣದ ನೀರು, ತಳದಲ್ಲಿ ಒಂದು ಚೆರ್ರಿ ಹಣ್ಣು. ಗ್ಲಾಸ್ ಮುಟ್ಟಿದರೆ ಬೆಚ್ಚಗಿತ್ತು, ಈಗ ತಾನೇ ಬಿಸಿನೀರಲ್ಲಿ ತೊಳೆದು ತಂದಿದ್ದರು ಅಂತ ಕಾಣುತ್ತೆ. ಬಾಯಿಗಿಟ್ಟರೆ ಶರಬತ್ತಿನ ಸಿಹಿ. ಏನೇನು ಹಾಕಿದಿರಿ ಅಂತ ಕೇಳಿದ್ದಕ್ಕೆ ಆ ಹುಡುಗ ಪಾಪ ನಿಜ ಹೇಳಿದ: ಜಿನ್, ಕೆಂಪು ವರ್ಮೂತ್, ಲೈಮ್ ಕಾರ್ಡಿಯಲ್. ಊಟದ ಪಟ್ಟಿ ಹದಿನಾರು ಪುಟ. ಪಾಸ್ತಾ ಆರಿ ತಣ್ಣಗಾಗಿತ್ತು, ಮಾರ್ಟಿನಿ ಬೆಚ್ಚಗಿತ್ತು. ಸ್ಪೀಕರ್ ನಮ್ಮ ತಲೆಯ ಮೇಲೇ ಇತ್ತು, ಎದುರಿಗೆ ಕೂತವರ ಮಾತು ಕೇಳಿಸುತ್ತಿರಲಿಲ್ಲ. ಇನ್ನೊಂದು ಮಾತು ಹೇಳಲೇಬೇಕು. ಆರ್ಡರ್ ಮಾಡಿದ್ದು ನಾನು, ಆದರೆ ಗ್ಲಾಸ್ ತಂದು ಇಟ್ಟದ್ದು ಅವರ ಮುಂದೆ. ಆಮೇಲೆ "ಮೇಡಂಗೆ ಏನು ಸರ್, ಫ್ರೆಶ್ ಜ್ಯೂಸಾ?" ಅಂತ ಅವರನ್ನೇ ಕೇಳಿದರು. ಆ ರಾತ್ರಿ ಅದು ನನಗೆ ತುಂಬಾ ನೋವು ಮಾಡಿತು.

ನಮಗೆ ಬೇಕಾಗಿರುವುದು ಇಷ್ಟೇ. ಜಿನ್‌ನಲ್ಲಿ ಮಾಡಿದ, ಡ್ರೈ (ಅಂದರೆ ಸಿಹಿಯಿಲ್ಲದ), ಚೆನ್ನಾಗಿ ತಣ್ಣಗಿರುವ ಒಂದು ಮಾರ್ಟಿನಿ. ಅಕ್ಕತಂಗಿ ಇಬ್ಬರೂ ಮೆಲ್ಲಗೆ ಮಾತಾಡಬಹುದಾದ ಜಾಗ. ಯಾರೂ ತಿರುತಿರುಗಿ ನೋಡಬಾರದು. ಊಟ ಅದೇ ಜಾಗದಲ್ಲಿ ಆದರೆ ಸಂತೋಷ, ಇಲ್ಲದಿದ್ದರೂ ಪರವಾಗಿಲ್ಲ. ಅಕ್ಕ ಮಾಂಸ ತಿನ್ನುತ್ತಾಳೆ, ನಾನು ಮೀನು ಮೊಟ್ಟೆ ತನಕ ಮಾತ್ರ. ದುಡ್ಡಿನ ಯೋಚನೆ ಈ ಒಂದು ದಿನ ಮಾಡುವುದಿಲ್ಲ. ಬೆಂಗಳೂರಿಗೆ ಹೋಗಿ ಅನ್ನಬೇಡಿ, ದಯವಿಟ್ಟು. ಅವಳಿಗೆ ಬೇಕಿರುವುದು ಮೈಸೂರು.

ಒಂಟಿಕೊಪ್ಪಲ್ ಹುಡುಗ

ಮೇಡಂ, ಗೋಕುಲಂ ಕಡೆ ಕೆಫೆಗಳನ್ನು ನೋಡಿ ಅಂತ ಬರೆಯಲು ಹೊರಟಿದ್ದೆ, ಆಮೇಲೆ ನೆನಪಾಯಿತು. ಅಲ್ಲಿ ಊಟ ತಿಂಡಿಗೆ ಒಳ್ಳೊಳ್ಳೆ ಸಣ್ಣ ಜಾಗಗಳಿವೆ. ಯೋಗ ಕಲಿಯಲು ಬರುವ ಹೊರಗಿನವರಿಂದ ಬೆಳೆದ ಜಾಗಗಳು ಅವು. ಬ್ರೆಡ್ ಚೆನ್ನಾಗಿರುತ್ತೆ, ಸೊಪ್ಪು ತಾಜಾ ಇರುತ್ತೆ. ಆದರೆ ಕುಡಿಯಲು ಸಿಗುವುದು ಕಾಫಿ, ಟೀ, ಕೊಂಬುಚಾ ಇಂಥದ್ದೇ. ಮದ್ಯದ ಲೈಸೆನ್ಸ್ ಇರುವ ಜಾಗದಲ್ಲಿ ಊಟ ಸಾಧಾರಣ, ಊಟ ಚೆನ್ನಾಗಿರುವ ಜಾಗದಲ್ಲಿ ಲೈಸೆನ್ಸ್ ಇಲ್ಲ. ಒಂದೇ ಸೂರಿನಡಿ ಎರಡೂ ಸಿಗಲಿ ಅಂತ ನಾನೂ ಎಷ್ಟೋ ವರ್ಷದಿಂದ ಹುಡುಕುತ್ತಿದ್ದೇನೆ. ಎರಡು ಜಾಗ ಮಾಡಿಕೊಳ್ಳಿ, ಅದೇ ಸರಿ. ಮೈಸೂರಲ್ಲಿ ಎಲ್ಲಿಂದ ಎಲ್ಲಿಗೆ ಹೋದರೂ ಆಟೋದಲ್ಲಿ ಹದಿನೈದು ನಿಮಿಷ ಅಲ್ವಾ.

ಒಂದೇ ಎಚ್ಚರಿಕೆ. ಹತ್ತು ಗಂಟೆ ಆಯಿತು ಅಂದರೆ ಇಲ್ಲಿ ಅಡುಗೆಮನೆ ಸಾಮಾನು ತೊಳೆಯಲು ಶುರು ಮಾಡುತ್ತಾರೆ. ಏಳಕ್ಕೆ ಮಾರ್ಟಿನಿ, ಎಂಟಕ್ಕೆ ಊಟದ ಟೇಬಲ್. ಹಾಗೆ ಇಟ್ಟುಕೊಳ್ಳಿ.

ಕೌಂಟರ್ ಹಿಂದೆ 19 ವರ್ಷ

ನಾನು ಹೋಟೆಲ್ ಬಾರ್‌ಗಳಲ್ಲಿ 19 ವರ್ಷ ಕೆಲಸ ಮಾಡಿದವನು. ಬೆಂಗಳೂರು, ಗೋವಾ, ಕೊನೆಯ ಏಳು ವರ್ಷ ಮೈಸೂರು. ಈಗ ಬಿಟ್ಟಿದ್ದೇನೆ. ಮೇಡಂ ಬರೆದದ್ದು ಓದಿ ಬೇಜಾರಾಯಿತು, ಆ ಗ್ಲಾಸ್ ಯಜಮಾನರ ಮುಂದೆ ಇಟ್ಟರಲ್ಲ, ಅದಕ್ಕೆ ಜಾಸ್ತಿ ಬೇಜಾರಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಲೈಸೆನ್ಸ್ ವಿಷಯ. ಒಂಟಿಕೊಪ್ಪಲ್‌ನವರು ಹೇಳಿದ್ದು ನಿಜ, ಅದಕ್ಕೆ ಕಾರಣವೂ ಇದೆ. ನಮ್ಮ ರಾಜ್ಯದಲ್ಲಿ ಬಾರ್ ಅಂಡ್ ರೆಸ್ಟೋರೆಂಟ್‌ಗೆ ಬೇಕಾಗಿರುವುದು ಸಿಎಲ್-9. 1992ರಿಂದ ಹೊಸ ಸಿಎಲ್-9 ಕೊಡುವುದನ್ನು ಸರ್ಕಾರ ನಿಲ್ಲಿಸಿತ್ತು. ಹಾಗಾಗಿ ಯಾರಾದರೂ ಹಳೆಯ ಲೈಸೆನ್ಸ್ ಇಟ್ಟುಕೊಂಡವರ ಹತ್ತಿರ ಹೋಗಬೇಕಿತ್ತು, ಅದು ದೊಡ್ಡ ದುಡ್ಡು. ರೂಮುಗಳಿರುವ ಹೋಟೆಲ್ ಆದರೆ ಸಿಎಲ್-7. ಈಗ ನೀವೇ ಯೋಚನೆ ಮಾಡಿ. ಎಂಟು ಟೇಬಲ್ ಹಾಕಿಕೊಂಡು, ದಿನಕ್ಕೆ ಹತ್ತು ಬಗೆ ಅಡುಗೆ ಮಾಡಿ, ಪ್ರೀತಿಯಿಂದ ಬಡಿಸುವ ಸಣ್ಣ ಮಾಲೀಕ ಅಷ್ಟು ದುಡ್ಡು ಎಲ್ಲಿಂದ ತರುತ್ತಾನೆ? ನಿಜವಾದ ಬಿಸ್ಟ್ರೋ ಅಂದರೆ ಅದೇ ತಾನೆ, ಸಣ್ಣ ಜಾಗ, ಸಣ್ಣ ಪಟ್ಟಿ, ದಿನದ ಅಡುಗೆ. ಪ್ಯಾರಿಸ್‌ನಲ್ಲಿ ಅಂಥ ಜಾಗದಲ್ಲಿ ಕುಡಿಯುವುದು ತಿನ್ನುವುದು ಎರಡೂ ಒಟ್ಟಿಗೇ ಇರುತ್ತೆ. ಇಲ್ಲಿ ಲೈಸೆನ್ಸ್ ಅವೆರಡನ್ನೂ ಬೇರೆ ಮಾಡಿಬಿಟ್ಟಿದೆ.

ಹಾಗಾಗಿ ಮಾರ್ಟಿನಿಗೆ ರೂಮಿರುವ ಹೋಟೆಲ್‌ಗಳ ಬಾರ್ ನೋಡಿ. ಎಂ.ಜಿ. ರಸ್ತೆಯ ರ‍್ಯಾಡಿಸನ್ ಬ್ಲೂ, ಗ್ರ್ಯಾಂಡ್ ಮರ್ಕ್ಯೂರ್, ವಿನೋಬಾ ರಸ್ತೆಯ ಸದರ್ನ್ ಸ್ಟಾರ್ ಇಂಥವು. ಹಳೆಯ ಕಟ್ಟಡದ ಗತ್ತು ಬೇಕು ಅಂದರೆ ವೈಸ್‌ರಾಯ್ ಉಳಿದುಕೊಳ್ಳಲಿ ಅಂತ 1921ರಲ್ಲಿ ಕಟ್ಟಿಸಿದ ಲಲಿತಮಹಲ್, ಮಹಾರಾಜರ ವಿದೇಶಿ ಅತಿಥಿಗಳಿಗೆ ಅಂತ 1920ರಲ್ಲಿ ಎದ್ದ ಮೆಟ್ರೋಪೋಲ್. ಹೊರಡುವ ಮೊದಲು ಬಾರ್ ತೆರೆದಿದೆಯಾ ಅಂತ ಫೋನ್ ಮಾಡಿ ಕೇಳಿಕೊಳ್ಳಿ. ಇಲ್ಲಿ ಹೋದರೆ ಚೆನ್ನಾಗಿರುತ್ತೆ ಅಂತ ಒಂದು ಹೆಸರು ಹಿಡಿದು ನಾನು ಹೇಳುವುದಿಲ್ಲ. ಯಾಕೆ ಅಂದರೆ ಮಾರ್ಟಿನಿ ಮಾಡುವುದು ಹೋಟೆಲ್ ಅಲ್ಲ. ಕೌಂಟರ್ ಹಿಂದೆ ನಿಂತಿರುವ ಹುಡುಗ. ಅವನು ಆರು ತಿಂಗಳಿಗೆ ಕೆಲಸ ಬದಲಿಸುತ್ತಾನೆ. ಹೋದ ವರ್ಷ ಚೆನ್ನಾಗಿದ್ದ ಜಾಗ ಈ ವರ್ಷ ಕೆಟ್ಟಿರುತ್ತೆ, ಬೋರ್ಡ್ ಮಾತ್ರ ಅದೇ.

ಅದಕ್ಕೆ ಹೀಗೆ ಮಾಡಿ. ಮಧ್ಯಾಹ್ನ ನಾಲ್ಕು ಗಂಟೆಗೆ ಫೋನ್ ಮಾಡಿ, ಬಾರ್‌ನಲ್ಲಿರುವವರಿಗೆ ಕೊಡಿ ಅನ್ನಿ. ಆ ಹೊತ್ತಿಗೆ ಕೌಂಟರ್ ಸಿದ್ಧ ಮಾಡುತ್ತಿರುತ್ತಾರೆ, ಮಾತಾಡಲು ಬಿಡುವಿರುತ್ತೆ. ಡ್ರೈ ವರ್ಮೂತ್ ಇದೆಯಾ, ಯಾವಾಗ ಓಪನ್ ಮಾಡಿದ್ದು, ಎಲ್ಲಿ ಇಟ್ಟಿದ್ದೀರಿ ಅಂತ ಕೇಳಿ. ಬೇರೇನೂ ಕೇಳಬೇಡಿ. ವರ್ಮೂತ್ ಅಂದರೆ ಗಿಡಮೂಲಿಕೆ ಹಾಕಿ, ಸ್ವಲ್ಪ ಸ್ಪಿರಿಟ್ ಸೇರಿಸಿದ ವೈನು. 15ರಿಂದ 18 ಪರ್ಸೆಂಟ್ ಅಷ್ಟೇ. ವಿಸ್ಕಿ ತರಹ ವರ್ಷಗಟ್ಟಲೆ ಕಪಾಟಿನಲ್ಲಿ ನಿಲ್ಲುವ ಸಾಮಾನಲ್ಲ ಅದು. ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಡಬೇಕು, ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಇಲ್ಲದಿದ್ದರೆ ಹಳೇ ಸೇಬಿನ ವಾಸನೆ ಬರುತ್ತೆ, ಬಣ್ಣವೂ ಕಂದುತ್ತೆ. ನಮ್ಮ ಊರಲ್ಲಿ ಡ್ರೈ ಮಾರ್ಟಿನಿ ಕೇಳುವವರು ತಿಂಗಳಿಗೆ ನಾಲ್ಕು ಜನ ಬಂದರೆ ಹೆಚ್ಚು. ಒಂದು ಬಾಟಲಿ ಎರಡು ವರ್ಷ ವಿಸ್ಕಿ ಸಾಲಿನಲ್ಲಿ, ದೀಪದ ಶಾಖದಲ್ಲಿ ನಿಂತಿರುವುದನ್ನು ಕಣ್ಣಾರೆ ನೋಡಿದ್ದೇನೆ. ಅದರಲ್ಲಿ ಯಾರು ಮಾಡಿದರೂ ಚೆನ್ನಾಗಿರಲ್ಲ. ಫೋನ್ ಎತ್ತಿಕೊಂಡ ಹುಡುಗ "ಫ್ರಿಜ್‌ನಲ್ಲಿದೆ ಮೇಡಂ" ಅಂದರೆ ಆ ಜಾಗಕ್ಕೆ ಹೋಗಿ. "ಸ್ಟಾಕ್ ಇದೆ ಮೇಡಂ" ಅಂದರೆ ಇನ್ನೊಂದು ನಂಬರ್ ನೋಡಿ.

ನಿಮಗೆ ಸಿಹಿಯಾಗಿ ಯಾಕೆ ಬಂತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಇಟಲಿಯಲ್ಲಿ ಮಾರ್ಟಿನಿ ಅನ್ನುವ ಹೆಸರಿನ ವರ್ಮೂತ್ ಕಂಪನಿಯೇ ಇದೆ, 1863ರಿಂದ. ಅವರದೇ ಕೆಂಪು ಸಿಹಿ ಬಾಟಲಿಯೂ ಇದೆ, ಬಿಳಿ ಡ್ರೈ ಬಾಟಲಿಯೂ ಇದೆ. ಮಾರ್ಟಿನಿ ಅಂದರೆ ಆ ಬಾಟಲಿ ಅಂತ ಹೊಸ ಹುಡುಗರು ಕೈಗೆ ಸಿಕ್ಕಿದ್ದನ್ನು ಹಾಕುತ್ತಾರೆ. ಇದರ ಜೊತೆಗೆ ಪಟ್ಟಿಯಲ್ಲಿ ಲಿಚಿ ಮಾರ್ಟಿನಿ, ಆಪಲ್ ಮಾರ್ಟಿನಿ, ಎಸ್ಪ್ರೆಸೊ ಮಾರ್ಟಿನಿ ಅಂತ ಹತ್ತು ಇರುತ್ತೆ. ಅವಕ್ಕೂ ಇದಕ್ಕೂ ಗ್ಲಾಸ್ ಒಂದೇ, ಬೇರೆ ಸಂಬಂಧ ಇಲ್ಲ. ಹುಡುಗನ ತಪ್ಪು ಅನ್ನುವುದಕ್ಕಿಂತ ಅವನಿಗೆ ಯಾರೂ ಕೂರಿಸಿ ಕಲಿಸಿಲ್ಲ ಅನ್ನಬೇಕು. ಅವನಿಗೆ ಅದರ ರುಚಿ ತೋರಿಸಿದವರೇ ಇಲ್ಲ.

ನೀವು ಹೇಳಬೇಕಾದ್ದು: ಜಿನ್ 60 ಮಿಲಿ, ಡ್ರೈ ವರ್ಮೂತ್ 10, ಐಸ್ ಹಾಕಿ ಕಲಕಿ, ಕುಲುಕಬೇಡಿ, ಗ್ಲಾಸ್ ಫ್ರೀಜರ್‌ನಲ್ಲಿಡಿ. ಕಲಕಿದರೆ ಗಾಜಿನ ಹಾಗೆ ತಿಳಿಯಾಗಿರುತ್ತೆ. ಕುಲುಕಿದರೆ ಗಾಳಿ ಸೇರಿ, ಐಸ್ ಚೂರು ಸೇರಿ ಮಬ್ಬಾಗುತ್ತೆ, ನೀರೂ ಬೇಗ ಇಳಿಯುತ್ತೆ. ಸಿನಿಮಾದಲ್ಲಿ ಜೇಮ್ಸ್ ಬಾಂಡ್ ಕುಲುಕಿದ್ದೇ ಕೇಳಲಿ ಬಿಡಿ. ಮೂವತ್ತು ನಲವತ್ತು ಸೆಕೆಂಡ್ ಕಲಕಬೇಕು. ಆ ನೀರು ಇಳಿಯುವುದು ತಪ್ಪಲ್ಲ, ಬೇಕು. ಒಟ್ಟು ಅಳತೆಯ ಕಾಲು ಭಾಗದ ಹತ್ತಿರ ನೀರು ಸೇರಿದಾಗಲೇ ಜಿನ್‌ನ ಉರಿ ಇಳಿದು ವಾಸನೆ ಬಿಚ್ಚಿಕೊಳ್ಳುವುದು. ಐಸ್ ಗಟ್ಟಿ ದೊಡ್ಡ ತುಂಡಾಗಿರಬೇಕು. ಮೆಷಿನ್‌ನಿಂದ ಬೀಳುವ ತೂತಿನ ಸಣ್ಣ ಐಸ್ ಬೇಗ ಕರಗಿ ನೀರಾಗುತ್ತೆ, ಮಾರ್ಟಿನಿ ತೆಳುವಾಗಿಬಿಡುತ್ತೆ.

ಕೊನೆಯದು. ಟೇಬಲ್ ಬೇಡ, ಸಾಧ್ಯವಾದರೆ ಕೌಂಟರ್ ಮುಂದೆಯೇ ಕೂರಿ. ಅಲ್ಲಿ ಗ್ಲಾಸ್ ಬೇರೆಯವರ ಮುಂದೆ ಹೋಗಲ್ಲ.

ಯಾದವಗಿರಿಯವಳು

ಎಷ್ಟು ಚೆನ್ನಾಗಿ ಬಿಡಿಸಿ ಹೇಳಿದಿರಿ. ವರ್ಮೂತ್ ಕೆಡುತ್ತೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ, ಅವರ ಮನೆಯಲ್ಲಿ ಹಾಲಿನ ಪಕ್ಕದಲ್ಲೇ ಇಡುತ್ತಾಳಂತೆ. ಆಲಿವ್ ಬೇಡ, ನಿಂಬೆ ಸಿಪ್ಪೆ ಅಂದಳು. ಇಲ್ಲಿನ ಬಾರ್‌ನಲ್ಲಿ ನಿಂಬೆ ಸಿಪ್ಪೆ ಕೇಳಿದರೆ ಸಿಗುತ್ತಾ? ಮತ್ತೆ, ಎಲ್ಲೂ ಆಗದಿದ್ದರೆ ಮನೆಯಲ್ಲೇ ಮಾಡಬಹುದಾ?

ಕೆ ಬ್ಲಾಕ್ ಅಡುಗೆಮನೆ

ಮನೆಯಲ್ಲಿ ಮಾಡುವ ವಿಷಯ ನಾನು ಹೇಳುತ್ತೇನೆ. ಕುವೆಂಪುನಗರದಲ್ಲಿ ನಾವಿಬ್ಬರೂ ನಾಲ್ಕೈದು ವರ್ಷದಿಂದ ಮನೆಯಲ್ಲೇ ಮಾಡಿಕೊಳ್ಳುತ್ತಿದ್ದೇವೆ.

ಮೊದಲು ನಿಂಬೆ. ನಮ್ಮ ಮಾರ್ಕೆಟ್ಟಿನ ನಿಂಬೆಹಣ್ಣು ಇದಕ್ಕೆ ಆಗಲ್ಲ. ಸಿಪ್ಪೆ ತೀರಾ ತೆಳು, ಹೆರೆದರೆ ಕೈಗೆ ಬರುವುದು ಬರೀ ಕಹಿ ಬಿಳಿ ಭಾಗ. ಹೊರದೇಶದ ಹಳದಿ ಲೆಮನ್ ದೊಡ್ಡ ಸೂಪರ್ ಮಾರ್ಕೆಟ್‌ನಲ್ಲಿ ಕೆಲವು ಸಲ ಸಿಗುತ್ತೆ, ಬೆಲೆ ಅಗ್ಗವೇನಲ್ಲ. ನಾನು ಒಂದು ದಿನ ದೇವರಾಜ ಮಾರ್ಕೆಟ್ಟಿನಿಂದ ಚಿತ್ರಾನ್ನಕ್ಕೆ ಅಂತ ಹೇರಳೆಕಾಯಿ ತಂದಿದ್ದೆ. ಹೆಚ್ಚುವಾಗ ಬೆರಳಿಗೆ ಅಂಟಿದ ವಾಸನೆ ನೋಡಿ ಯಾಕಾಗಬಾರದು ಅನ್ನಿಸಿತು. ಹಸಿರು ಹಳದಿಗೆ ತಿರುಗುತ್ತಿರುವ ಕಾಯಿ ಆರಿಸಿ. ಸಿಪ್ಪೆ ದಪ್ಪ, ಮೇಲೆಲ್ಲಾ ಸಣ್ಣ ಸಣ್ಣ ಎಣ್ಣೆ ಗುಳ್ಳೆ. ಹೆರೆಯುವ ಮಣೆ ಬೇಡ, ಆಲೂಗಡ್ಡೆ ಸಿಪ್ಪೆ ತೆಗೆಯುವುದರಲ್ಲೇ ಹೆಬ್ಬೆರಳಿನ ಉದ್ದ ಒಂದು ಪಟ್ಟಿ ತೆಗೆಯಿರಿ. ಬಿಳಿ ಭಾಗ ಅಂಟಿದ್ದರೆ ಚಾಕುವಿನಲ್ಲಿ ತೆಗೆದುಬಿಡಿ. ಗ್ಲಾಸಿನ ಮೇಲೆ ಹಿಡಿದು, ಬಣ್ಣದ ಕಡೆ ಕೆಳಗೆ ಮಾಡಿ, ಎರಡು ಬೆರಳಲ್ಲಿ ಚಿವುಟಿ. ದೀಪದ ಬೆಳಕಿಗೆ ನೋಡಿದರೆ ಮಂಜಿನ ಹಾಗೆ ಎಣ್ಣೆ ಹಾರುವುದು ಕಾಣುತ್ತೆ, ಆಮೇಲೆ ಮಾರ್ಟಿನಿಯ ಮೇಲೆ ಸಣ್ಣ ಸಣ್ಣ ಚುಕ್ಕೆ ತೇಲುತ್ತೆ. ಅಷ್ಟೇ ಸಾಕು. ಸಿಪ್ಪೆ ಒಳಗೆ ಹಾಕಬೇಡಿ, ಹೊತ್ತಾದಂತೆ ಕಹಿ ಬಿಡುತ್ತೆ. ಹೇರಳೆಯ ವಾಸನೆ ನಿಂಬೆಗಿಂತ ಒರಟು, ಆದರೆ ಜಿನ್ ಜೊತೆ ಹೊಂದುವಷ್ಟು ಬೇರೆ ಯಾವುದೂ ಹೊಂದಲ್ಲ ಅನ್ನುವುದು ನನ್ನ ಅನಿಸಿಕೆ. ಬಾರ್‌ಗೆ ಹೋದರೂ ಒಂದು ಕಾಯಿ ಬ್ಯಾಗಲ್ಲಿ ಹಾಕಿಕೊಂಡು ಹೋಗಿ, ಕೊಟ್ಟು ಕೇಳಿ. ಒಳ್ಳೆ ಹುಡುಗನಾದರೆ ಅವನಿಗೂ ಖುಷಿಯಾಗುತ್ತೆ.

ಇನ್ನು ಜಿನ್. ಈಗ ನಮ್ಮ ದೇಶದಲ್ಲೇ ಒಳ್ಳೆಯದು ಸಿಗುತ್ತೆ. 2017ರಲ್ಲಿ ಗೋವಾದಿಂದ ಗ್ರೇಟರ್ ದ್ಯಾನ್ ಬಂತು, ಸರಳವಾದ ಡ್ರೈ ಜಿನ್, ಮಾರ್ಟಿನಿಗೆ ಸರಿಹೋಗುತ್ತೆ. ಅವರದೇ ಹಪೂಸಾ ಹಿಮಾಲಯದ ಜುನಿಪರ್‌ನಿಂದ ಮಾಡಿದ್ದು, ಜಿನ್‌ಗೆ ಘಮ ಕೊಡುವ ಕಾಯಿ ಅದು. ಹಪುಷಾ ಅಂದರೆ ಸಂಸ್ಕೃತದಲ್ಲಿ ಜುನಿಪರ್ರೇ. ಅದರಲ್ಲಿ ಮಾಡಿದರೆ ಮಣ್ಣಿನ, ಅರಿಶಿನದ ಘಮ ಜಾಸ್ತಿ, ಎಲ್ಲರಿಗೂ ಹಿಡಿಸಲ್ಲ. ಮೊದಲ ಸಲಕ್ಕೆ ಸರಳವಾದದ್ದೇ ಇರಲಿ.

ಮನೆಯ ಉಪಾಯ ಇದು. ಒಬ್ಬರಿಗೆ ಜಿನ್ 60 ಮಿಲಿ, ಡ್ರೈ ವರ್ಮೂತ್ 10, ಕುಡಿಯುವ ನೀರು 15. ಶುದ್ಧವಾದ ಬಾಟಲಿಗೆ ಹಾಕಿ ಬೆಳಿಗ್ಗೆಯೇ ಫ್ರೀಜರ್‌ನಲ್ಲಿಡಿ, ಪಕ್ಕದಲ್ಲೇ ಗ್ಲಾಸ್. ಸಂಜೆ ಸುಮ್ನೆ ಬಗ್ಗಿಸಿದರೆ ಆಯಿತು. ನೀರು ಯಾಕೆ ಅಂದರೆ ಇಲ್ಲಿ ಐಸ್ ಕರಗುವ ಮಾತೇ ಇಲ್ಲ, ಆ ನೀರನ್ನು ನಾವೇ ಹಾಕಬೇಕು. ನಾನು ಮೊದಲ ಸಲ ನೀರು ಬಿಟ್ಟು ಮಾಡಿದ್ದೆ, ಗಂಟಲು ಸುಟ್ಟಿತು. ಫ್ರೀಜರ್ ತುಂಬಾ ಜೋರಿದ್ದರೆ ಸ್ವಲ್ಪ ಹರಳುಗಟ್ಟಬಹುದು, ಆಗ ಹತ್ತು ನಿಮಿಷ ಕೆಳಗಿನ ಫ್ರಿಜ್‌ನಲ್ಲಿಡಿ. ಗ್ಲಾಸ್ ದೊಡ್ಡದು ಬೇಡ. ಸಣ್ಣ ಗ್ಲಾಸ್ ಆದರೆ ಕೊನೆಯ ಗುಟುಕೂ ತಣ್ಣಗಿರುತ್ತೆ.

ಮಂಡ್ಯದಿಂದ

ಮಾರ್ಟಿನಿ ಬಗ್ಗೆ ಇಷ್ಟು ಹೇಳಿದಿರಿ, ಊಟವನ್ನು ಎಲ್ಲರೂ ಮರೆತಿರಿ.

ಮಾರ್ಟಿನಿ ಊಟದ ಜೊತೆ ಕುಡಿಯುವುದಲ್ಲ, ಊಟಕ್ಕೆ ಮುಂಚೆ. ಖಾಲಿ ಹೊಟ್ಟೆಯಲ್ಲೂ ಬೇಡ. 60 ಮಿಲಿ 42.8 ಪರ್ಸೆಂಟ್ ಜಿನ್ ಅಂದರೆ ತಲೆಗೆ ಏರುತ್ತೆ. ಉಪ್ಪುಪ್ಪಾಗಿ ಏನಾದರೂ ಜೊತೆಗಿರಲಿ, ಹುರಿದ ಬಾದಾಮಿ, ಕಡಲೆಬೀಜ, ಒಂದು ತುಂಡು ಮೀನು. ಮಸಾಲೆ ಜಾಸ್ತಿ ಇರುವ ಕಬಾಬು, ಪೆಪ್ಪರ್ ಡ್ರೈ ಹೇಳಿದರೆ ಜಿನ್‌ನ ವಾಸನೆ ಸತ್ತೇ ಹೋಗುತ್ತೆ. ಕರಿಮೆಣಸಿನ ಊಟ ಆಮೇಲೆ ಮಾಡಿ, ಬೇಡ ಅನ್ನುವವರು ಯಾರು.

ಬಿಸ್ಟ್ರೋ ಊಟ ಚೆನ್ನಾಗಿದೆಯಾ ಅಂತ ತಿಳಿಯಲು ನಾನು ಪಟ್ಟಿ ನೋಡುತ್ತೇನೆ. ಒಂದು ಹಾಳೆ ಇದ್ದರೆ ಕೂರುತ್ತೇನೆ. ಹದಿನಾರು ಪುಟ ಇದ್ದರೆ ಎಲ್ಲಾ ಫ್ರೀಜರ್‌ನಿಂದ ಬರುತ್ತೆ ಅಂತ ಲೆಕ್ಕ. ಎಂಟು ಟೇಬಲ್‌ಗೆ ಚೈನೀಸ್, ಇಟಾಲಿಯನ್, ತಂದೂರಿ, ಮೆಕ್ಸಿಕನ್ ಎಲ್ಲಾ ತಾಜಾ ಮಾಡಲು ಯಾರ ಕೈಲಾಗುತ್ತೆ? ಆಮೇಲೆ ಇವತ್ತು ಏನು ಚೆನ್ನಾಗಿದೆ ಅಂತ ಕೇಳಿ. "ಎಲ್ಲಾ ಚೆನ್ನಾಗಿದೆ" ಅಂದರೆ ಸರಿಯಿಲ್ಲ. "ಮಟನ್ ಬೆಳಿಗ್ಗೆಯಿಂದ ಬೇಯುತ್ತಿದೆ" ಅಂದರೆ ಅದನ್ನೇ ತರಿಸಿ.

ಮಟನ್ ಅಂದಾಗ ಒಂದು ಮಾತು. ನಮ್ಮ ಬನ್ನೂರು ಕುರಿ, ಬಂಡೂರು ಅಂತಲೂ ಕರೆಯುತ್ತಾರೆ, ಮಳವಳ್ಳಿ ಬನ್ನೂರು ಕಡೆಯದು. ಗಿಡ್ಡ ಕಾಲು, ಗುಂಡುಗುಂಡಾದ ಮೈ. ಅದರ ಕೊಬ್ಬು ಬರೀ ಮೇಲೆ ಪದರವಾಗಿ ಕೂರಲ್ಲ, ಮಾಂಸದ ಎಳೆಯೊಳಗೇ ಸೇರಿಕೊಂಡಿರುತ್ತೆ. ಅದಕ್ಕೇ ಸಣ್ಣ ಉರಿಯಲ್ಲಿ ಎರಡು ಮೂರು ಗಂಟೆ ಬೇಯಿಸಿದರೆ ಎಣ್ಣೆ ಹಾಕುವ ಅಗತ್ಯವೇ ಇರಲ್ಲ. ಫ್ರೆಂಚರು ಕುರಿಮಾಂಸವನ್ನು ಆಲೂಗಡ್ಡೆ, ಈರುಳ್ಳಿ ಜೊತೆ ಮೆಲ್ಲಗೆ ಬೇಯಿಸಿ ಮಾಡುವ ಅಡುಗೆಗೆ ಇದಕ್ಕಿಂತ ಒಳ್ಳೆ ಮಾಂಸ ಎಲ್ಲಿ ಸಿಗಬೇಕು? ಮೈಸೂರಿನ ಬಿಸ್ಟ್ರೋ ನಡೆಸುವವರು ಹೊರಗಿನಿಂದ ಬಂದ ಪ್ಯಾಕೆಟ್ ಮಾಂಸ ಬಿಟ್ಟು ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರದ ಬನ್ನೂರಿನ ಕಡೆ ನೋಡಬಾರದಾ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಟೇಬಲ್ ಹೇಳುವಾಗ ಎರಡು ದಿನ ಮೊದಲೇ ಕೇಳಿ ನೋಡಿ, ಸಣ್ಣ ಜಾಗದವರು ತರಿಸಿಕೊಡುತ್ತಾರೆ. ನಿಮಗೆ ಈರನಗೆರೆ ಬದನೆಕಾಯಿ ಸುಟ್ಟು, ಬೆಳ್ಳುಳ್ಳಿ ಮೊಸರು ಹಾಕಿ ಕೊಡಿ ಅನ್ನಿ.

ಗಾಡಿ ತೆಗೆದುಕೊಂಡು ಹೋಗಬೇಡಿ. 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದರೆ ಕೇಸು, ಮೊದಲ ಸಲಕ್ಕೇ ಹತ್ತು ಸಾವಿರ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಒಂದೇ ಮಾರ್ಟಿನಿಗೆ ಅದು ದಾಟಿಬಿಡಬಹುದು. ನಾನು ಮಂಡ್ಯದಿಂದ ಬರುವಾಗ ರೈಲಿನಲ್ಲೇ ಬರುತ್ತೇನೆ.

ಒಂಟಿಕೊಪ್ಪಲ್ ಹುಡುಗ

ಒಂದು ವಿಷಯ ಒಪ್ಪಲ್ಲ. ನಾನು ವೋಡ್ಕಾದಲ್ಲಿ, ಕುಲುಕಿದ್ದೇ ಕುಡಿಯುವುದು. ಮೇಲೆ ತೆಳು ಐಸ್ ಪದರ ತೇಲುತ್ತಿರುತ್ತಲ್ಲ, ನಮ್ಮ ಏಪ್ರಿಲ್ ಸೆಕೆಗೆ ಅದೇ ಹಿತ. ಕುಲುಕಬೇಡಿ ಅಂತ ಅಷ್ಟು ಕಡ್ಡಿ ಮುರಿದ ಹಾಗೆ ಹೇಳಬೇಕಾ?

ಕೌಂಟರ್ ಹಿಂದೆ 19 ವರ್ಷ

ಕುಡಿಯಿರಿ, ಬೇಡ ಅಂದವರಿಲ್ಲ. ವೋಡ್ಕಾದಲ್ಲಿ ವಾಸನೆ ಕಡಿಮೆ, ಅಲ್ಲಿ ತಣ್ಣಗಿರುವುದೇ ಮುಖ್ಯ, ಕುಲುಕಿದರೆ ಬೇಗ ತಣ್ಣಗಾಗುತ್ತೆ. ಜಿನ್‌ನಲ್ಲಿ ಆ ಘಮವೇ ಎಲ್ಲಾ, ಅದಕ್ಕೆ ಕಲಕಿ ಅಂದೆ. ಮೇಡಂ ಅಕ್ಕ ಕೇಳಿದ್ದು ಜಿನ್. ಹೇರಳೆ ಸಿಪ್ಪೆಯ ಮಾತು ಓದಿ ಇಷ್ಟು ವರ್ಷ ನನಗೆ ಯಾಕೆ ಹೊಳೆಯಲಿಲ್ಲ ಅನ್ನಿಸಿತು. ನಾಳೆಯೇ ಮಾರ್ಕೆಟ್ಟಿಗೆ ಹೋಗುತ್ತೇನೆ.

ಯಾದವಗಿರಿಯವಳು

ಹೋಗಿ ಬಂದೆವು. ನಿಮಗೆಲ್ಲ ಹೇಳದೆ ಇರಲಾಗಲ್ಲ.

ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಫೋನ್ ಹಿಡಿದು ಕೂತೆ. ಒಂದು ಕಡೆ ವರ್ಮೂತ್ ಇಲ್ಲ ಅಂದರು. ಎರಡು ಕಡೆ "ಸ್ಟಾಕ್ ಇದೆ ಮೇಡಂ." ಇನ್ನೊಂದು ಕಡೆ ಬಾರ್‌ಗೆ ಕೊಡಲೇ ಇಲ್ಲ. ಐದನೆಯದರಲ್ಲಿ ಒಬ್ಬ ಹುಡುಗ ಸಿಕ್ಕ. ಹತ್ತು ದಿನದ ಹಿಂದೆ ಓಪನ್ ಮಾಡಿದ್ದು, ಫ್ರಿಜ್‌ನಲ್ಲಿದೆ ಅಂದ. ಆಮೇಲೆ ಅವನೇ ಕೇಳಿದ, "ಎಷ್ಟು ಗಂಟೆಗೆ ಬರ್ತೀರ ಮೇಡಂ, ಗ್ಲಾಸ್ ಒಳಗೆ ಹಾಕಿಡ್ತೀನಿ." ನನಗೆ ಅಲ್ಲೇ ಸಮಾಧಾನವಾಯಿತು.

ಕೌಂಟರ್ ಮುಂದೆಯೇ ಕೂತೆವು. ಎತ್ತರದ ಸ್ಟೂಲು, ಅಕ್ಕನ ಮಂಡಿಗೆ ಸ್ವಲ್ಪ ಕಷ್ಟವಾಯಿತು, ಆದರೆ ಟೇಬಲ್ ಬೇಡ ಅಂದಳು. ಸಂಜೆ ಏಳು, ನಾವು ಬಿಟ್ಟರೆ ಇನ್ನಿಬ್ಬರು ಅಷ್ಟೇ. ಬ್ಯಾಗಿನಿಂದ ಹೇರಳೆಕಾಯಿ ತೆಗೆದು ಕೊಟ್ಟೆ. ಅವನು ಮೂಗಿನ ಹತ್ತಿರ ಹಿಡಿದು, "ನಮ್ಮಮ್ಮ ಉಪ್ಪಿನಕಾಯಿ ಹಾಕ್ತಾರೆ ಇದರಲ್ಲಿ" ಅಂದ. ಉದ್ದ ಚಮಚದಲ್ಲಿ ಕಲಕಿದ. ಸದ್ದೇ ಇಲ್ಲ, ಚಮಚ ಗಾಜಿನ ಅಂಚಿಗೆ ಅಂಟಿಕೊಂಡೇ ಸುತ್ತುತ್ತಿತ್ತು. ಫ್ರೀಜರ್‌ನಿಂದ ತೆಗೆದ ಗ್ಲಾಸಿನ ಹೊರಗೆಲ್ಲ ಬಿಳಿ ಮಂಜು, ಸುರಿದ ಕೂಡಲೇ ಒಳಗಿನದು ಎಲ್ಲಿಯವರೆಗೆ ಬಂತು ಅನ್ನುವುದು ಗೆರೆ ಎಳೆದ ಹಾಗೆ ಕಂಡಿತು. ಸಿಪ್ಪೆ ಚಿವುಟಿ ಅಕ್ಕನ ಮುಂದೆ ಇಟ್ಟ. ಅಕ್ಕನ ಮುಂದೆಯೇ ಇಟ್ಟ.

ಅವಳು ಒಂದು ಗುಟುಕು ಕುಡಿದು ತುಂಬಾ ಹೊತ್ತು ಏನೂ ಮಾತಾಡಲಿಲ್ಲ. ಚೆನ್ನಾಗಿಲ್ಲವೇನೋ ಅಂತ ನನಗೆ ಭಯ. ಆಮೇಲೆ "ತುಂಬಾ ಚೆನ್ನಾಗಿದೆ ಕಣೇ. ನಿಮ್ಮ ಭಾವ ವರ್ಮೂತ್ ಇದಕ್ಕಿಂತ ಸ್ವಲ್ಪ ಜಾಸ್ತಿ ಹಾಕ್ತಿದ್ದರು" ಅಂದಳು. ಹುಡುಗ ಕೇಳಿಸಿಕೊಂಡು, ಎಷ್ಟು ಅಂತ ವಿಚಾರಿಸಿ, ಬಿಲ್ ಪುಸ್ತಕದ ಹಿಂದೆ 60ಕ್ಕೆ 15 ಅಂತ ಬರೆದುಕೊಂಡ.

ಊಟ ಬೇರೆ ಕಡೆ, ಆಟೋದಲ್ಲಿ ಹನ್ನೆರಡು ನಿಮಿಷ. ಏಳು ಟೇಬಲ್, ಪಟ್ಟಿ ಒಂದೇ ಹಾಳೆ. ಮಂಡ್ಯದವರು ಹೇಳಿದ ಹಾಗೆ ಗುರುವಾರವೇ ಹೇಳಿಟ್ಟಿದ್ದೆ. ಮಟನ್ ಮೂಳೆಯಿಂದ ಚಮಚಕ್ಕೇ ಬಿಟ್ಟುಕೊಂಡು ಬರುತ್ತಿತ್ತಂತೆ, ಅಕ್ಕ ತಟ್ಟೆಯ ರಸವನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದಳು. ನನ್ನ ಬದನೆಕಾಯಿಗೆ ಉಪ್ಪು ಒಂದು ಕಲ್ಲು ಕಡಿಮೆ, ಬೇರೇನೂ ತಪ್ಪು ಹೇಳುವಂತಿರಲಿಲ್ಲ. ಕಿರುಚುವ ಸ್ಪೀಕರ್ ಇಲ್ಲ. ಒಂಬತ್ತೂ ಮುಕ್ಕಾಲಿಗೆ ಎದ್ದೆವು. ಭಾವನ ಮಾತು ಅಷ್ಟು ಹೊತ್ತು ನಾವಿಬ್ಬರೂ ಆಡಿದ್ದು ಅದೇ ಮೊದಲು.

ಹೆಸರು ಬೇಕಾದವರು ಮೆಸೇಜ್ ಮಾಡಿ, ಹೇಳುತ್ತೇನೆ. ಆದರೆ ಮೊದಲು ಫೋನ್ ಮಾಡಿ ಆ ಹುಡುಗ ಇನ್ನೂ ಅಲ್ಲೇ ಇದ್ದಾನಾ ಅಂತ ಕೇಳಿಕೊಂಡು ಹೋಗಿ. ಅಕ್ಕ ಹೊರಡುವ ಮೊದಲು ಒಂದು ಶುಕ್ರವಾರ ಸಿಗುತ್ತೆ. ಏಳು ಗಂಟೆಗೆ ಎರಡು ಸ್ಟೂಲ್ ಹೇಳಿಟ್ಟಿದ್ದೇವೆ, 60ಕ್ಕೆ 15.